ಓಮ್ನಿ ನಿಂತ ಮೇಲೆ: ಹಳ್ಳಿ ಮನೆಯ ಸೆಕೆಂಡ್ ಹ್ಯಾಂಡ್ ವ್ಯಾನಿನ ಚರಿತ್ರೆ

ದೀಪಾವಳಿಯ ಮರುದಿನ ಅಕ್ಕ ಫೋನ್ ಮಾಡಿದ್ದಳು. "ತಮ್ಮಾ, ನಿಮ್ಮ ಮಾವಾರು ಗಾಡಿ ನೋಡಾಕತ್ತಾರ. ಮನ್ಯಾಗ ಏಳು ಮಂದಿ ಅದೀವಿ. ಮೂರು ಲಕ್ಷದೊಳಗ ಬರಬೇಕು, ನಡುದಾರ್‍ಯಾಗ ಕೈ ಕೊಡಬಾರದು. ನೀ ಪೇಪರ್‌ನ್ಯಾಗ ಬರಿಯಾಂವ, ಯಾವುದು ತಗೋಬೇಕು ಹೇಳು."

ಪೇಪರಿನಲ್ಲಿ ಬರೆಯುವವನಿಗೆ ಗಾಡಿಯ ವಿಷಯ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ. ನಾನು ಎರಡು ದಿನ ಟೈಮ್ ಕೇಳಿದೆ. ಮೆಕ್ಯಾನಿಕ್‌ಗಳನ್ನು ಕೇಳಿದೆ, ಆರ್‌ಟಿಒ ಕಚೇರಿಯ ಮುಂದೆ ಫಾರಂ ತುಂಬಿಸಿಕೊಡುವವರ ಹತ್ತಿರ ಕೂತೆ, ಅಪ್ಪನ ಹಳೆಯ ಕಾಗದದ ಚೀಲ ಬಿಚ್ಚಿದೆ. ಕೇಳುತ್ತ ಹೋದಂತೆ ಒಂದು ಸಂಗತಿ ಕಾಣಿಸಿತು. ಇವತ್ತು ಸಂತೆಯಲ್ಲಿ ನಿಂತಿರುವ ಒಂದೊಂದು ಹಳೆಯ ವ್ಯಾನಿನ ಬೆಲೆಗೂ, ಅದರ ರೋಗಕ್ಕೂ, ಅದರ ಕಾಗದದ ಗಂಟಿಗೂ ಹಿಂದೆ ಒಂದು ಕಥೆ ಇದೆ. ಅಕ್ಕನಿಗೆ ಉತ್ತರ ಹೇಳಬೇಕಾದರೆ 1984ರಿಂದಲೇ ಶುರು ಮಾಡಬೇಕಾಯಿತು. ಅದಕ್ಕೂ ಸ್ವಲ್ಪ ಹಿಂದಿನಿಂದ ಅಂದರೂ ತಪ್ಪಿಲ್ಲ.

ನಮ್ಮ ಅಜ್ಜನ ಕಾಲಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದು ಅಂದರೆ ಚಕ್ಕಡಿ, ಇಲ್ಲವೇ ಕೆಂಪು ಬಸ್ಸು. ಮದುವೆಗೆ ಮೆಟಡೋರ್. ಈ ಮೆಟಡೋರ್ ಒಂದು ಕಂಪನಿಯ ಒಂದು ಗಾಡಿಯ ಹೆಸರು ಎಂಬುದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಪುಣೆಯ ಬಜಾಜ್ ಟೆಂಪೋ ಕಂಪನಿ ಜರ್ಮನಿಯ ಟೆಂಪೋ ಕಂಪನಿಯ ವಿನ್ಯಾಸ ತಂದು 1960ರ ದಶಕದ ಕೊನೆಯಿಂದ ಮೆಟಡೋರ್ ಮಾಡಿತು. ಮುಂದೆ ಯಾವ ಕಂಪನಿಯ ಡಬ್ಬಿ ಗಾಡಿ ಬಂದರೂ ನಮ್ಮ ಕಡೆ ಅದು ಮೆಟಡೋರೇ ಆಯಿತು. ಸಣ್ಣ ಸರಕಿನ ಗಾಡಿಗಳಿಗೆಲ್ಲ ಟೆಂಪೋ ಎಂಬ ಹೆಸರು ನಿಂತದ್ದೂ ಅದೇ ಕಂಪನಿಯಿಂದ. 1980ರ ದಶಕದ ಕೊನೆಗೆ ಅದೇ ಕಂಪನಿಯ ಟ್ರ್ಯಾಕ್ಸ್ ಬಂತು, ಆಮೇಲೆ ಕ್ರೂಸರ್. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ ಇವತ್ತಿಗೂ ಕ್ರೂಸರ್ ಇಲ್ಲದೆ ಜಾತ್ರೆಯೂ ಇಲ್ಲ, ಮದುವೆಯೂ ಇಲ್ಲ. ಕಂಪನಿ 2005ರಲ್ಲಿ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ನಮ್ಮ ಜನ ಬದಲಿಸಿಕೊಳ್ಳಲಿಲ್ಲ.

ಆದರೆ ಇವೆಲ್ಲ ಬಾಡಿಗೆಯ ಗಾಡಿಗಳು. ಒಂದು ಮನೆಯವರು ತಮಗಾಗಿ ಇಟ್ಟುಕೊಳ್ಳುವ ಗಾಡಿ ಅಲ್ಲ. ಕಾರು ಅಂದರೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಅದು ಊರಿಗೆ ಒಂದು ಇದ್ದರೆ ಹೆಚ್ಚು. ಡಾಕ್ಟರದೋ, ದೊಡ್ಡ ವ್ಯಾಪಾರಿಯದೋ. ಆ ಕಾಲದಲ್ಲಿ ಕಂಪನಿ ಎಷ್ಟು ಗಾಡಿ ಮಾಡಬೇಕು ಎಂಬುದನ್ನೂ ಸರ್ಕಾರದ ಲೈಸೆನ್ಸ್ ಹೇಳುತ್ತಿತ್ತು. ದುಡ್ಡಿದ್ದವರೂ ವರ್ಷಗಟ್ಟಲೆ ಕಾಯಬೇಕಿತ್ತು.

ಮಾರುತಿ ಬಂದದ್ದು ಇಂಥ ಹೊತ್ತಿನಲ್ಲಿ. ಸಂಜಯ್ ಗಾಂಧಿ 1971ರಲ್ಲಿ ಶುರು ಮಾಡಿದ ಮಾರುತಿ ಕಂಪನಿ ಜನರಿಗೆ ಕಾರು ಕೊಡದೆಯೇ ಮುಳುಗಿತ್ತು. ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು 1981ರಲ್ಲಿ ಮಾರುತಿ ಉದ್ಯೋಗ್ ಎಂಬ ಹೊಸ ಕಂಪನಿ ಕಟ್ಟಿತು. 1982ರಲ್ಲಿ ಜಪಾನಿನ ಸುಜುಕಿ ಕಂಪನಿಯ ಜೊತೆ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಈ ಕಥೆ ಎಲ್ಲರಿಗೂ ಗೊತ್ತು. ಮರುವರ್ಷ, 1984ರಲ್ಲಿ, ಅದೇ ಗುರುಗಾಂವ್ ಕಾರ್ಖಾನೆಯಿಂದ ಎರಡನೇ ಗಾಡಿ ಹೊರಬಂದದ್ದು ಅಷ್ಟಾಗಿ ಸದ್ದು ಮಾಡಲಿಲ್ಲ. ಅದರ ಹೆಸರು ಬರೀ ಮಾರುತಿ ವ್ಯಾನ್. 1988ರಲ್ಲಿ ಅದಕ್ಕೆ ಓಮ್ನಿ ಎಂದು ಹೆಸರಿಟ್ಟರು. ನಮ್ಮ ಬಾಯಲ್ಲಿ ಅದು ಒಮಿನಿ.

ಈ ವ್ಯಾನಿನ ಮೂಲ ಸುಜುಕಿಯ ಕ್ಯಾರಿ. ಜಪಾನಿನಲ್ಲಿ ಸಣ್ಣ ಗಾಡಿಗಳಿಗೆ ಒಂದು ಬೇರೆ ಲೆಕ್ಕವಿದೆ. ಇಷ್ಟೇ ಉದ್ದ, ಇಷ್ಟೇ ಅಗಲ, ಇಷ್ಟೇ ಎಂಜಿನ್ ಎಂದು ಮಿತಿ ಹಾಕಿ, ಅದರೊಳಗಿದ್ದರೆ ತೆರಿಗೆ ಕಡಿಮೆ. ಅಲ್ಲಿನ ರೈತರು, ಸಣ್ಣ ಅಂಗಡಿಕಾರರು ಕಿರಿದಾದ ಓಣಿಗಳಲ್ಲಿ ಸಾಮಾನು ಸಾಗಿಸಲು ಮಾಡಿಕೊಂಡ ಗಾಡಿ ಅದು. ಅಂಥದ್ದಕ್ಕೆ ಸ್ವಲ್ಪ ದೊಡ್ಡ ಎಂಜಿನ್ ಹಾಕಿ ಹೊರದೇಶಕ್ಕೆ ಕಳಿಸುತ್ತಿದ್ದರು. ಅದೇ ನಮ್ಮ ಓಮ್ನಿ. ಸುಮಾರು 3.4 ಮೀಟರ್ ಉದ್ದ, 1.4 ಮೀಟರ್ ಅಗಲ. ನಮ್ಮೂರ ಗೌಡರ ಓಣಿಯಲ್ಲಿ ಎರಡೂ ಕಡೆ ಕಟ್ಟೆ, ನಡುವೆ ಕಟ್ಟಿದ ಎಮ್ಮೆ, ಇಷ್ಟರ ಮಧ್ಯೆ ಅಂಬಾಸಿಡರ್ ತಿರುಗುತ್ತಿರಲಿಲ್ಲ. ಓಮ್ನಿ ತಿರುಗುತ್ತಿತ್ತು. ಬಾಗಿಲು ಪಕ್ಕಕ್ಕೆ ಸರಿಯುತ್ತಿದ್ದುದರಿಂದ ಗೋಡೆಗೆ ಹೊಂದಿಸಿ ನಿಲ್ಲಿಸಿದರೂ ಇಳಿಯಬಹುದಿತ್ತು.

ಪಾಕಿಸ್ತಾನದಲ್ಲೂ ಇದೇ ಗಾಡಿ ಬೋಲಾನ್ ಎಂಬ ಹೆಸರಿನಲ್ಲಿ ಓಡಿತು. ಅಲ್ಲಿನ ಜನ ಅದಕ್ಕಿಟ್ಟ ಅಡ್ಡಹೆಸರು ಕ್ಯಾರಿ ಡಬ್ಬಾ. ಗಡಿಯ ಎರಡೂ ಕಡೆ ಮಕ್ಕಳನ್ನು ಶಾಲೆಗೆ ತುಂಬಿಕೊಂಡು ಹೋದದ್ದು ಒಂದೇ ಡಬ್ಬಿ.

ಓಮ್ನಿ ಹಳ್ಳಿಯಲ್ಲಿ ಗೆದ್ದದ್ದು ಅಂದಕ್ಕಲ್ಲ. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮಾರುತಿ 800ರದ್ದೇ. ಹೀಗಾಗಿ ತಾಲ್ಲೂಕಿನಲ್ಲಿ ಮಾರುತಿ ಕಾರು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದರೆ ಓಮ್ನಿಗೂ ಅವನೇ ಡಾಕ್ಟರ್. ಸಾಮಾನು ಎಲ್ಲೆಡೆ ಸಿಗುತ್ತಿತ್ತು. ಹಿಂದಿನ ಗಾಲಿ ದೂಡುವ ಗಾಡಿ ಆದ್ದರಿಂದ ಹಿಂದೆ ಭಾರ ಹಾಕಿದಷ್ಟೂ ಏರು ಹತ್ತುವಾಗ ಗಾಲಿಗೆ ಹಿಡಿತ ಬರುತ್ತಿತ್ತು. ಹಿಂದೆ ಲಾರಿಯ ಹಾಗೆ ಪಾಟಾ. ಸೀಟು ಮಡಚಿದರೆ ಅಡಿಕೆ ಮೂಟೆ, ಹಾಲಿನ ಕ್ಯಾನು, ಹೂವಿನ ಬುಟ್ಟಿ. ಸೀಟು ಬಿಚ್ಚಿದರೆ ಮನೆಮಂದಿ. ಕರಾವಳಿಯಲ್ಲಿ ಮೀನು, ಮಲೆನಾಡಿನಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳು, ನಮ್ಮ ಕಡೆ ಮೆಣಸಿನಕಾಯಿ ಚೀಲ. ಆಂಬುಲೆನ್ಸ್ ಆಗಿಯೂ ಕಂಪನಿಯೇ ಮಾಡಿ ಮಾರಿತು. ಸಿನಿಮಾದವರು ಮಾತ್ರ ಅದನ್ನು ಕಿಡ್ನಾಪ್ ಗಾಡಿ ಮಾಡಿಟ್ಟರು. ಬಾಗಿಲು ಸರ್ರನೆ ಸರಿಯುವುದು ಅವರಿಗೂ ಅನುಕೂಲ.

ಇಷ್ಟೆಲ್ಲ ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಎಂಜಿನ್ ಮುಂದಿನ ಸೀಟಿನ ಕೆಳಗೆ. ಮುಂದೆ ಬಾನೆಟ್ ಎಂಬುದೇ ಇಲ್ಲ. ಡ್ರೈವರಿನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಒಂದು ತಗಡು, ಒಂದು ಗಾಜು. ಬೇಸಿಗೆಯಲ್ಲಿ ಸೀಟು ಕಾದು ಕೂರಲಾಗುತ್ತಿರಲಿಲ್ಲ. ರೇಡಿಯೇಟರ್ ನೀರು ಕಡಿಮೆಯಾದದ್ದು ತಿಳಿಯದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು.

ನಮ್ಮ ಅಪ್ಪ ಓಮ್ನಿ ತಂದದ್ದು 2007ರಲ್ಲಿ. 1996ರ ಗಾಡಿ, ಮೂರನೇ ಮಾಲೀಕರಿಂದ, 65,000 ರೂಪಾಯಿಗೆ. ಅಪ್ಪ, ಕಾಕಾ ಇಬ್ಬರೂ ಅರ್ಧರ್ಧ ಹಾಕಿದರು. ಎದುರುಬದುರು ಸೀಟು. ನಾವು ಮಕ್ಕಳು ಹಿಂದೆ ಕೂತು, ಹಿಮ್ಮುಖವಾಗಿ ಓಡುವ ರಸ್ತೆ ನೋಡುತ್ತ ವಾಂತಿ ಮಾಡಿಕೊಳ್ಳುತ್ತಿದ್ದೆವು. ತಂದ ಮೊದಲನೇ ತಿಂಗಳೇ ಹಾನಗಲ್ ದಾಟಿ ಸ್ವಲ್ಪ ದೂರದಲ್ಲಿ ಹೊಗೆ ಬಂತು. ಬಿಳಿ ಹೊಗೆ. ಮೆಕ್ಯಾನಿಕ್ ಬಂದು ಮುಂದಿನ ಸೀಟು ಎತ್ತಿ, ಕೆಳಗೆ ನೋಡಿ, ಅಪ್ಪನ ಮುಖ ನೋಡಿದ. "ಸಾವ್ಕಾರ್ರ, ಗಾಡಿ ಕೊಂಡಿದ್ದು ನೀವು, ಹೆಡ್ ಬಿಚ್ಚಿದ್ದು ಅವರು. ಮೊದ್ಲ ಒಮ್ಮೆ ಹೋಗೇತ್ರಿ ಇದು." ಮಾರುವ ಮುನ್ನ ಹೊಸದಾಗಿ ಬಣ್ಣ ಹೊಡೆಸಿದ್ದರು. ಎಂಜಿನಿಗೆ ಏನೂ ಮಾಡಿಸಿರಲಿಲ್ಲ.

ಅದೇ ಮೆಕ್ಯಾನಿಕ್ ನಮಗೆ ಇನ್ನೊಂದು ತೋರಿಸಿದ. ಹಿಂದಿನ ಸೀಟಿನ ಕೆಳಗೆ ತಗಡಿನಲ್ಲಿ ನಾಲ್ಕು ತೂತು. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಓಡಿಸಿದ ಗುರುತು. 1990ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರುತ್ತಿದ್ದಂತೆ ಸಬ್ಸಿಡಿಯ ಅಡುಗೆ ಗ್ಯಾಸನ್ನು ಓಮ್ನಿಗೆ ಜೋಡಿಸುವ ಚಾಳಿ ಎಲ್ಲ ಕಡೆ ಹಬ್ಬಿತ್ತು. ಆಗ ಗಾಡಿಗೆ ಗ್ಯಾಸ್ ಬಳಸುವುದೇ ಕಾನೂನಿನಲ್ಲಿ ಇರಲಿಲ್ಲ. 2000ದ ತಿದ್ದುಪಡಿ, 2001ರ ಆದೇಶಗಳ ನಂತರವೇ ವಾಹನಕ್ಕೆಂದೇ ಮಾಡಿದ ಟ್ಯಾಂಕು, ಪರವಾನಗಿ ಇರುವ ಕಿಟ್ಟು ಹಾಕಿಸಿ ಆರ್.ಸಿ.ಯಲ್ಲಿ ಬರೆಸುವ ದಾರಿ ತೆರೆಯಿತು. ಆಮೇಲೆ ಕಂಪನಿಯೇ ಎಲ್‌ಪಿಜಿ ಓಮ್ನಿ ತಂದಿತು. ಅಷ್ಟಾದರೂ ಮನೆಯ ಸಿಲಿಂಡರ್ ಕಟ್ಟುವುದು ಪೂರ್ತಿ ನಿಲ್ಲಲಿಲ್ಲ. ಹೀಗೆ ಓಡಿದ ವ್ಯಾನುಗಳು ಹೊತ್ತಿ ಉರಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಹಳೆಯ ಓಮ್ನಿ ನೋಡಲು ಹೋದವರು ಹಿಂದಿನ ಮ್ಯಾಟ್ ಎತ್ತಿ ತಗಡು ನೋಡಬೇಕು ಎನ್ನುವುದು ಇದಕ್ಕೇ. ಆರ್.ಸಿ.ಯಲ್ಲಿ ಬರೀ ಪೆಟ್ರೋಲ್ ಅಂತಿದ್ದು, ಗಾಡಿಯಲ್ಲಿ ಗ್ಯಾಸಿನ ಪೈಪು ಕಂಡರೆ ಅಲ್ಲಿಂದಲೇ ವಾಪಸ್ ಬರುವುದು ಒಳ್ಳೆಯದು. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹಿಡಿಯುವ ಜಾಗ ಅದು.

ಓಮ್ನಿ ಬಡವರ, ಮಧ್ಯಮದವರ ವ್ಯಾನ್ ಆಗಿ ಓಡುತ್ತಿದ್ದಾಗ ನಮ್ಮ ರಾಜ್ಯದಲ್ಲೇ ಇನ್ನೊಂದು ಕಥೆ ಶುರುವಾಯಿತು. ಜಪಾನಿನ ಟೊಯೋಟಾ ಮತ್ತು ಕಿರ್ಲೋಸ್ಕರ್ ಸೇರಿ 1997ರಲ್ಲಿ ಕಂಪನಿ ಕಟ್ಟಿ, ಬೆಂಗಳೂರು–ಮೈಸೂರು ದಾರಿಯ ಬಿಡದಿಯಲ್ಲಿ ಕಾರ್ಖಾನೆ ಹಾಕಿದವು. ಅಲ್ಲಿಂದ 2000ದಲ್ಲಿ ಬಂದ ಮೊದಲ ಗಾಡಿ ಕ್ವಾಲಿಸ್. ನೋಡಲು ಹಳೆಯ ಕಾಲದ ಪೆಟ್ಟಿಗೆ. ಇಂಡೋನೇಷ್ಯಾದಲ್ಲಿ ಆಗಲೇ ಓಡಿ ಹಳತಾದ ವಿನ್ಯಾಸ ಎಂದು ಪೇಟೆಯ ಪತ್ರಿಕೆಗಳು ಮೂಗು ಮುರಿದವು. ಟ್ಯಾಕ್ಸಿಯವರು ಮೂಗು ಮುರಿಯಲಿಲ್ಲ. ಅದಕ್ಕೂ ಮುಂಚೆ ಎಂಟು–ಹತ್ತು ಜನರ ಗಾಡಿ ಎಂದರೆ 1994ರಲ್ಲಿ ಬಂದ ಟಾಟಾ ಸುಮೋ. ಟಾಟಾ ಕಂಪನಿಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಆದ ಹೆಸರು ಅದು, ಜಪಾನಿನ ಕುಸ್ತಿಯದ್ದಲ್ಲ. ಸುಮೋ ಗಟ್ಟಿ, ಆದರೆ ಕುಲುಕಾಟ. ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್ ಮಾತ್ರ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಸುಮ್ಮನೆ ಓಡುತ್ತಿತ್ತು.

ಬೆಂಗಳೂರಿನಲ್ಲಿ ಐಟಿ ಕಂಪನಿ, ಕಾಲ್ ಸೆಂಟರ್‌ಗಳು ಬೆಳೆದ ಕಾಲ ಅದು. ರಾತ್ರಿ ಪಾಳಿಯ ಉದ್ಯೋಗಿಗಳನ್ನು ಮನೆಗೆ ಬಿಡಲು ಸುಮೋ, ಕ್ವಾಲಿಸ್‌ಗಳ ಸಾಲು. ಮಾರಾಟ ಚೆನ್ನಾಗಿರುವಾಗಲೇ ಟೊಯೋಟಾ 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಅದರ ಜಾಗಕ್ಕೆ ಇನ್ನೋವಾ ತಂದಿತು. ಅದೂ ಬಿಡದಿಯದ್ದೇ. ಪೇಟೆಯಲ್ಲಿ ಐದಾರು ವರ್ಷ ಹಗಲು ರಾತ್ರಿ ಓಡಿದ ಈ ಗಾಡಿಗಳು ಆಮೇಲೆ ಎಲ್ಲಿಗೆ ಹೋದವು? ನಮ್ಮ ಊರುಗಳಿಗೆ ಬಂದವು. ಹಳದಿ ಬೋರ್ಡು ಬಿಳಿ ಬೋರ್ಡಾಯಿತು. ಮೀಟರಿನ ಅಂಕಿ ಇಳಿಯಿತು. ಮೂರು ಲಕ್ಷ ಕಿಲೋಮೀಟರ್ ಓಡಿದ್ದು ಎಂಬತ್ತು ಸಾವಿರವಾಯಿತು. ಮೀಟರ್ ತಿರುಗಿಸುವುದು ಸುಲಭ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಸವೆದದ್ದನ್ನು, ಸ್ಟೇರಿಂಗ್ ನುಣ್ಣಗಾದದ್ದನ್ನು, ಡ್ರೈವರ್ ಸೀಟಿನ ಒಂದು ಮಗ್ಗುಲು ಕುಸಿದದ್ದನ್ನು ಮುಚ್ಚುವುದು ಕಷ್ಟ. ನಮ್ಮ ಮೆಕ್ಯಾನಿಕ್ ಮೀಟರನ್ನು ನೋಡುವುದೇ ಇಲ್ಲ, ಪೆಡಲು ನೋಡುತ್ತಾನೆ.

ಟ್ಯಾಕ್ಸಿಯಾಗಿದ್ದ ಗಾಡಿ ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಆಯಿಲ್ ಬದಲಿಸಿದ ಟ್ಯಾಕ್ಸಿ, ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಮನೆ ಗಾಡಿಗಿಂತ ಎಷ್ಟೋ ಮೇಲು. ಆದರೆ ಅದು ಟ್ಯಾಕ್ಸಿ ಎಂದು ಹೇಳಿ ಮಾರಬೇಕು, ಬೆಲೆಯೂ ಹಾಗೇ ಇರಬೇಕು. ಹಳದಿಯಿಂದ ಬಿಳಿಗೆ ಬದಲಾಗಿದ್ದರೆ ಅದು ಆರ್‌ಟಿಒದ ದಾಖಲೆಯಲ್ಲಿ ಆಗಿರಬೇಕು, ಬಣ್ಣದ ಡಬ್ಬಿಯಲ್ಲಿ ಅಲ್ಲ.

2001ರಲ್ಲಿ ಮಾರುತಿ ಓಮ್ನಿಗಿಂತ ದೊಡ್ಡದಾದ ವರ್ಸಾ ಎಂಬ ವ್ಯಾನ್ ತಂದಿತು. ಅಮಿತಾಭ್ ಬಚ್ಚನ್, ಅಭಿಷೇಕ್ ಬಚ್ಚನ್ ಇಬ್ಬರನ್ನೂ ಜಾಹೀರಾತಿಗೆ ಕರೆದರು. ಗಾಡಿ ಓಡಲಿಲ್ಲ. ಬೆಲೆ ಹೆಚ್ಚು, ಓಮ್ನಿಯ ಜನಕ್ಕೆ ಅದು ಬೇಕಿರಲಿಲ್ಲ. ಕಂಪನಿ ಅದರಿಂದ ಏನೇನು ಕಿತ್ತು ಹಾಕಬಹುದೋ ಕಿತ್ತು, 1.2 ಲೀಟರ್ ಎಂಜಿನ್ ಹಾಕಿ, 2010ರ ಜನವರಿಯಲ್ಲಿ ಈಕೋ ಎಂಬ ಹೆಸರಿನಲ್ಲಿ ಮತ್ತೆ ಬಿಟ್ಟಿತು. ಸೋತ ಗಾಡಿಯೇ ಹೆಸರು ಬದಲಿಸಿ, ಬೆಲೆ ಇಳಿಸಿ ಗೆದ್ದಿತು. 2023ರ ಹೊತ್ತಿಗೆ ಈಕೋ ಮಾರಾಟ 10 ಲಕ್ಷ ದಾಟಿತ್ತು. ಇವತ್ತು ನಿಮ್ಮ ಊರಿನ ಸರ್ಕಲ್ಲಿನಲ್ಲಿ ನಿಂತು ಎಣಿಸಿದರೆ ಓಮ್ನಿಗಿಂತ ಈಕೋ ಹೆಚ್ಚು ಸಿಗಬಹುದು.

ಓಮ್ನಿಯ ಕೊನೆ ಬಂದದ್ದು ಗಿರಾಕಿ ಇಲ್ಲದೆ ಅಲ್ಲ, ಕಾನೂನಿನಿಂದ. 2019ರಲ್ಲಿ ಹೊಸ ಕಾರುಗಳಿಗೆ ಎಬಿಎಸ್, ಡ್ರೈವರ್ ಏರ್‌ಬ್ಯಾಗ್, ರಿವರ್ಸ್ ಸೆನ್ಸರ್ ಕಡ್ಡಾಯವಾದವು. ಮುಂದಿನಿಂದ ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯೂ ಬಂತು. ಮುಂದೆ ತಗಡು ಬಿಟ್ಟು ಏನೂ ಇಲ್ಲದ ಓಮ್ನಿ ಆ ಪರೀಕ್ಷೆ ದಾಟುವ ಹಾಗಿರಲಿಲ್ಲ. ಹಿಂದೆಯೇ ಬಿಎಸ್-6 ಹೊಗೆಯ ನಿಯಮ ಬರುವುದಿತ್ತು. ಆ ವರ್ಷ ಅದರ ತಯಾರಿಕೆ ನಿಂತಿತು. 1984ರಿಂದ 2019, ಮೂವತ್ತೈದು ವರ್ಷ. ಈಕೋ ಉಳಿಯಿತು, ಆದರೆ ಅದರ ಹಳೆಯ ದಾಖಲೆಯೂ ಹೇಳಿಕೊಳ್ಳುವಂಥದ್ದಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಈಕೋವನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿದಾಗ ಸಿಕ್ಕದ್ದು ಸೊನ್ನೆ ನಕ್ಷತ್ರ. ಏರ್‌ಬ್ಯಾಗ್, ಎಬಿಎಸ್ ಬಂದದ್ದು 2019ರ ನಿಯಮದ ನಂತರ. ಹಾಗಾಗಿ ಸೆಕೆಂಡ್ ಹ್ಯಾಂಡ್ ಈಕೋದಲ್ಲಿ 2018ಕ್ಕೂ 2020ಕ್ಕೂ ಇರುವ ವ್ಯತ್ಯಾಸ ಬರೀ ಎರಡು ವರ್ಷದ್ದಲ್ಲ. ಬ್ರೋಕರ್ ಇದನ್ನು ಹೇಳುವುದಿಲ್ಲ, ಅವನಿಗೆ ಮಾಡೆಲ್ ಅಂದರೆ ಬೆಲೆ ಮಾತ್ರ.

ಈಗ ಕಾಗದದ ವಿಷಯ. ನಮ್ಮ ಮನೆಯಲ್ಲಿ ಇದರ ಮಾತು ಬಂದರೆ ಅಮ್ಮ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ.

ಅಪ್ಪ 2013ರಲ್ಲಿ ಆ ಓಮ್ನಿಯನ್ನು ಮಾರಿದರು. ಬ್ರೋಕರ್ ಒಬ್ಬ ಬಂದ, 42,000 ಎಣಿಸಿದ, ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡ. "ಎಲ್ಲಾ ನಾ ಮಾಡಿಸ್ತೀನ್ರಿ, ನೀವು ಆರಾಮ ಇರ್ರಿ" ಅಂದ. ಅಪ್ಪ ಆರಾಮ ಇದ್ದರು. 2015ರಲ್ಲಿ ಕೋರ್ಟಿನಿಂದ ನೋಟಿಸ್ ಬಂತು. ಯಾರೋ ಓಡಿಸುತ್ತಿದ್ದ ಆ ಗಾಡಿ ಹಿಂದಿನ ವರ್ಷ ಸೈಕಲ್ ಸವಾರನೊಬ್ಬನಿಗೆ ಬಡಿದು ಅವನು ತೀರಿಕೊಂಡಿದ್ದ. ಅವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದ್ದಳು. ಆರ್.ಸಿ.ಯಲ್ಲಿ ಮಾಲೀಕರು ಯಾರು? ನಮ್ಮಪ್ಪ. ಆ ಫಾರಂಗಳು ಆರ್‌ಟಿಒ ಕಚೇರಿಗೆ ಹೋಗಿರಲೇ ಇಲ್ಲ.

ನಮಗಿರುವುದು ಮೂರು ಎಕರೆ. ಅಪ್ಪ ನಾಲ್ಕು ಸಲ ಕೋರ್ಟಿಗೆ ಹೋಗಿ ಬಂದರು. ಎರಡನೇ ಸಲ ಹೋದಾಗ ಕಟಕಟೆಯ ಹೊರಗೆ ಆ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಕೂತಿದ್ದಳಂತೆ. ಅಪ್ಪ ಮನೆಗೆ ಬಂದು ಅವತ್ತು ಊಟ ಮಾಡಲಿಲ್ಲ. "ನಾ ಮಾರೀನಿ ಅಂತ ಆಕಿಗೆ ಹೆಂಗ ಹೇಳ್ಲಿ" ಎಂದಷ್ಟೇ ಅಂದರು. ಕೊನೆಗೆ ನಮ್ಮನ್ನು ಉಳಿಸಿದ್ದು ಒಂದು ತಾರೀಖು. ಗಾಡಿ ಓಡಿಸುತ್ತಿದ್ದವನು ಅಪಘಾತಕ್ಕೆ ಹನ್ನೊಂದು ದಿನ ಮೊದಲು, ಅಪ್ಪನ ಹೆಸರಿನಲ್ಲೇ, ಇನ್ಶೂರೆನ್ಸ್ ಕಟ್ಟಿದ್ದ. ಅವನ ಲೈಸೆನ್ಸೂ ಚಾಲ್ತಿಯಲ್ಲಿತ್ತು. ಪರಿಹಾರವನ್ನು ಇನ್ಶೂರೆನ್ಸ್ ಕಂಪನಿ ಕೊಟ್ಟಿತು. ಹನ್ನೊಂದು ದಿನ ಆಚೀಚೆ ಆಗಿದ್ದರೆ ಆ ಹೆಣ್ಣುಮಗಳಿಗೆ ದುಡ್ಡು ಸಿಗಲು ನಮ್ಮ ಹೊಲ ಹೋಗಬೇಕಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂತು. ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು, ಆದರೆ ಆರ್.ಸಿ. ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು ಕೋರ್ಟ್ ಹೇಳಿತು. ಅಪಘಾತದಲ್ಲಿ ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿಕೊಂಡು ತಿರುಗಬೇಕಾಗಿಲ್ಲ ಎಂಬುದು ಅದರ ತರ್ಕ. ನ್ಯಾಯವಾದ ಮಾತೇ. ಆದರೆ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟ ಎಷ್ಟು ಅಪ್ಪಂದಿರು ಇದನ್ನು ಓದಿರುತ್ತಾರೆ?

ಹಾಗೆ ನೋಡಿದರೆ ನಿಯಮ ಹಳೆಯದೇ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು ರಾಜ್ಯದೊಳಗೆ ಆದರೆ 14 ದಿನದಲ್ಲಿ, ಹೊರರಾಜ್ಯಕ್ಕೆ ಆದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದಲ್ಲಿ ತಿಳಿಸಬೇಕು. 29ನೇ ನಂಬರಿನ ಫಾರಂ ಮಾರುವವರದ್ದು, 30ನೆಯದು ಹೆಸರು ಬದಲಾವಣೆಯ ಅರ್ಜಿ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿತೆಂದು ಬ್ಯಾಂಕಿನವರು ಸಹಿ ಹಾಕುವ 35ನೆಯದು. ಬೇರೆ ಆರ್‌ಟಿಒ ವ್ಯಾಪ್ತಿಗೆ ಒಯ್ಯಲು ಎನ್‌ಒಸಿ, ಅದು 28. ಇನ್ಶೂರೆನ್ಸನ್ನೂ 14 ದಿನದಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಬ್ರೋಕರುಗಳ ಕೈಯಲ್ಲಿ ಗಾಡಿ ತಿಂಗಳುಗಟ್ಟಲೆ ಹೆಸರಿಲ್ಲದೆ ನಿಲ್ಲುತ್ತದೆ ಎಂಬುದು ಸರ್ಕಾರಕ್ಕೂ ಗೊತ್ತಾಗಿ, 2022ರ ಡಿಸೆಂಬರಿನಲ್ಲಿ ಹೊಸ ನಿಯಮ ತಂದರು. 2023ರ ಏಪ್ರಿಲ್‌ನಿಂದ ಹಳೆಯ ಗಾಡಿ ಮಾರುವ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಗಾಡಿ ಅವನ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಿದ ಮೇಲೆ ಹೊಣೆ ಅವನದ್ದು. ಒಳ್ಳೆಯ ನಿಯಮ. ನಮ್ಮ ತಾಲ್ಲೂಕಿನ ಚಹಾದಂಗಡಿ ಬ್ರೋಕರ್ ಇನ್ನೂ ಖಾಲಿ ಫಾರಂನಲ್ಲೇ ಇದ್ದಾನೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಓದಿಕೊಂಡು ನಾನೂ ಮಾವನವರೂ ಮೂರು ಗಾಡಿ ನೋಡಿದೆವು.

ಮೊದಲನೆಯದು 2008ರ ಓಮ್ನಿ, ಎಂಟು ಸೀಟು, ಬೆಲೆ ಕಡಿಮೆ. ಮಾವನವರಿಗೆ ಮನಸ್ಸಾಯಿತು. ಆದರೆ ಖಾಸಗಿ ಗಾಡಿಯ ನೋಂದಣಿ 15 ವರ್ಷ. ಅದು ಮುಗಿದ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ ಕಾರುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಮೇಲೆ ಹಸಿರು ತೆರಿಗೆ. ಈ ಗಾಡಿಯ ನೋಂದಣಿ ಮುಗಿದಿತ್ತು, ನವೀಕರಣ ಆಗಿರಲಿಲ್ಲ. ಬಾಗಿಲು ಸರಿಯುವ ಕಂಬಿಯ ಕೆಳಗೆ ಬೆರಳಿಟ್ಟರೆ ತುಕ್ಕು ಉದುರಿತು. ಏಳು ಜನರನ್ನು, ಅದರಲ್ಲಿ ಮೂರು ಮಕ್ಕಳನ್ನು, ಅದರಲ್ಲಿ ಕೂರಿಸಿ ಹೆದ್ದಾರಿಗೆ ಕಳಿಸಲು ನನಗೆ ಧೈರ್ಯ ಬರಲಿಲ್ಲ.

ಎರಡನೆಯದು ದೆಹಲಿ ನಂಬರಿನ ಇನ್ನೋವಾ. ನೋಡಲು ಮದುಮಗನಂತಿತ್ತು. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಿದ್ದ ಮೇಲೆ ಅಲ್ಲಿನ ಗಾಡಿಗಳು ಕಡಿಮೆ ಬೆಲೆಗೆ ನಮ್ಮ ಕಡೆ ಹರಿದು ಬರುತ್ತಿವೆ. ಗಾಡಿ ಅಗ್ಗ, ಆದರೆ ಎನ್‌ಒಸಿ ತರಿಸಿ, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ಲೆಕ್ಕ ಕೂಡಿಸಿದಾಗ ಮೂರು ಲಕ್ಷದ ಗೆರೆ ಎಲ್ಲೋ ಹಿಂದೆ ಉಳಿಯಿತು. ಮಾರುವವರ ಹತ್ತಿರ ಎನ್‌ಒಸಿಯ ಜೆರಾಕ್ಸ್ ಇತ್ತು, ಮೂಲ ಇರಲಿಲ್ಲ.

ಮೂರನೆಯದು ಹುಬ್ಬಳ್ಳಿಯ ಹತ್ತಿರ, 2014ರ ಏಳು ಸೀಟಿನ ಈಕೋ. ಎ.ಸಿ. ಇಲ್ಲ, ಏರ್‌ಬ್ಯಾಗೂ ಇಲ್ಲ. ಏರ್‌ಬ್ಯಾಗ್ ಇರುವ ಹೊಸ ಮಾಡೆಲ್‌ಗಳಿಗೆ ನಮ್ಮ ದುಡ್ಡು ಸಾಲುತ್ತಿರಲಿಲ್ಲ. ಇದನ್ನು ಅಕ್ಕನಿಗೆ ಮುಚ್ಚಿಡದೆ ಹೇಳಿದೆ. ಬೆಳಗ್ಗೆ ಆರಕ್ಕೇ ಹೋಗಿದ್ದೆವು, ಮಾಲೀಕರು ಎಂಜಿನ್ ಬಿಸಿ ಮಾಡಿಡುವ ಮೊದಲು. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಬಿಳಿ ಹೊಗೆ ಇಲ್ಲ, ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ಬಣ್ಣದ ನೊರೆ ಇದ್ದರೆ ನೀರು ಆಯಿಲ್‌ಗೆ ಸೇರುತ್ತಿದೆ ಎಂದರ್ಥ, ಅದೂ ಇರಲಿಲ್ಲ. 2019ರ ಪ್ರವಾಹದಲ್ಲಿ ನಮ್ಮ ಕಡೆ ಎಷ್ಟೋ ಗಾಡಿಗಳು ನೀರು ಕಂಡಿವೆ, ಹಾಗಾಗಿ ಸೀಟ್ ಬೆಲ್ಟನ್ನು ಕೊನೆತನಕ ಎಳೆದು ಮಣ್ಣಿನ ಗೆರೆ ಇದೆಯೇ ಎಂದು ಮೆಕ್ಯಾನಿಕ್ ನೋಡಿದ. ಏಳು ಜನ ಕೂತು ಏರು ಹತ್ತಿಸಿದೆವು. ಹೌದು, ಅಕ್ಕ, ಮಕ್ಕಳು, ಅತ್ತೆ ಎಲ್ಲರನ್ನೂ ಕರೆದೊಯ್ದಿದ್ದೆವು. ಒಬ್ಬರೇ ಕೂತು ಓಡಿಸಿದರೆ ಯಾವ ವ್ಯಾನೂ ಚೆನ್ನಾಗೇ ಓಡುತ್ತದೆ.

ಬೆಲೆ 2,60,000ಕ್ಕೆ ನಿಂತಿತು. ಮಾವನವರು ಅಡ್ವಾನ್ಸ್ ಕೊಡಲು ಕಿಸೆಗೆ ಕೈ ಹಾಕಿದಾಗ ನಾನು ಫೋನ್ ತೆಗೆದು ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಒತ್ತಿದೆ. ಇನ್ಶೂರೆನ್ಸ್ ಇದೆ. ನೋಂದಣಿ ಇದೆ. ಸಾಲದ ಕಾಲಮ್ಮಿನಲ್ಲಿ ಒಂದು ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಇತ್ತು.

"ಸಾಲ ಯಾವಾಗೋ ಮುಗಿದೈತ್ರಿ, ತೆಗಿಸೋದು ಮರ್ತೀನಿ" ಅಂದರು ಮಾಲೀಕರು. ಮುಖ ನೋಡಿದರೆ ನಿಜವೇ ಹೇಳುತ್ತಿದ್ದರು ಅನಿಸಿತು. ನಮ್ಮಪ್ಪನಿಗೂ ಆ ಬ್ರೋಕರನ ಮುಖ ಹಾಗೇ ಅನಿಸಿತ್ತು.

ಅಡ್ವಾನ್ಸ್ ಕೊಡದೆ ಬಂದೆವು. 35ನೇ ಫಾರಂ ಮಾಡಿಸಿ, ಆರ್.ಸಿ.ಯಿಂದ ಸಾಲ ತೆಗೆಸಿದ ಮೇಲೆ ಫೋನ್ ಮಾಡಿ, ಆರ್‌ಟಿಒ ಕಚೇರಿಯಲ್ಲೇ ದುಡ್ಡು ಕೊಡುತ್ತೇವೆ ಎಂದು ಹೇಳಿದೆವು. ದಾರಿಯುದ್ದಕ್ಕೂ ಮಾವನವರು ಮಾತಾಡಲಿಲ್ಲ. ಮಕ್ಕಳು ಕಿಟಕಿ ಬದಿಯ ಸೀಟು ಯಾರದ್ದು ಎಂದು ಆಗಲೇ ಜಗಳ ಶುರು ಮಾಡಿದ್ದರು. ಬಸ್ಸಿನಲ್ಲಿ.

ನಿನ್ನೆ ಆ ಮಾಲೀಕರು ಫೋನ್ ಮಾಡಿದ್ದರು. ಫೈನಾನ್ಸಿನವರ ಕಾಗದ ಕೈಗೆ ಬಂದಿದೆಯಂತೆ, ಸೋಮವಾರ ಆರ್‌ಟಿಒಗೆ ಹೋಗುತ್ತಾರಂತೆ. ಅಪ್ಪನೂ ಬರುತ್ತೇನೆ ಎನ್ನುತ್ತಿದ್ದಾರೆ. ಗಾಡಿ ನೋಡಲು ಅಲ್ಲ, ಸಹಿ ಹಾಕುವುದನ್ನು ನೋಡಲು.